ಹಳೆಯ ವಾಹನದ ಪಾಲನೆ: ಒಂದು ವಿವೇಚನೆ

ಪೀಠಿಕೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಒದಗಿಸಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಎಂದಿನಂತೆ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತು ಬರೆಯೋಣವೆಂದೇ ಲೇಖನಿಯನ್ನು ಕೈಗೆತ್ತಿಕೊಂಡೆ. ಆದರೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗಲೆಲ್ಲ ಸಂಧಿ ಸಮಾಸಗಳ ವಿಚಾರವನ್ನು ಬದಿಗಿಟ್ಟು, "ಮೇಷ್ಟ್ರೇ, ತಮ್ಮ ಅಂಬಾಸಿಡರ್ ಇನ್ನೂ ಓಡುತ್ತಿದೆಯೇ?" ಎಂದೇ ಮೊದಲು ಕೇಳುತ್ತಾರೆ. ಓಡುತ್ತಿದೆ ಎಂದರೆ, "ಅದು ಹೇಗೆ?" ಎಂಬುದು ಅವರ ಎರಡನೆಯ ಪ್ರಶ್ನೆ. ಆ ಎರಡನೆಯ ಪ್ರಶ್ನೆಗೆ ದಾರಿಯಲ್ಲಿ ನಿಂತು ಉತ್ತರ ಹೇಳಲಾಗದು. ಆದಕಾರಣ ಅದನ್ನೇ ಈ ಲೇಖನದ ವಿಷಯವನ್ನಾಗಿ ಮಾಡಿಕೊಂಡಿದ್ದೇನೆ.

ಯಂತ್ರಶಾಸ್ತ್ರದಲ್ಲಿ ನಾನು ಅಧಿಕಾರವಾಣಿಯಿಂದ ಮಾತನಾಡುವವನಲ್ಲ. ಓದಿದ್ದು ವಿದ್ವತ್ ಪರೀಕ್ಷೆಗೆ, ಕಲಿಸಿದ್ದು ಕನ್ನಡವನ್ನು. ಇಲ್ಲಿ ಹೇಳುವುದೆಲ್ಲ ಒಂದೇ ವಾಹನವನ್ನು ಇಪ್ಪತ್ತು ವರ್ಷಗಳಿಗೂ ಮಿಕ್ಕು ನೋಡಿಕೊಂಡವನ ಅನುಭವ. ಅನುಭವಿಗಳಾದ ಮೆಕ್ಯಾನಿಕರಿಂದ ಕೇಳಿ ತಿಳಿದದ್ದು. ಕೈಪಿಡಿಗಳನ್ನು ಓದಿ ಅರಿತದ್ದು.

ವಯಸ್ಸು ಮತ್ತು ದೂರ

ಅಂಬಾಸಿಡರ್ ಕಾರಿನ ಪರಿಚಯವನ್ನು ಓದುಗರಿಗೆ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಮಾದರಿಯಾಗಿಟ್ಟುಕೊಂಡು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಇದರ ತಯಾರಿಕೆಯನ್ನು ಆರಂಭಿಸಿದರು. 2014ರ ಮೇ ತಿಂಗಳಲ್ಲಿ ಅದು ನಿಂತಿತು. ನನ್ನಲ್ಲಿರುವುದು 1988ರಲ್ಲಿ ನೋಂದಣಿಯಾದ ಮಾರ್ಕ್ 4, 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನದು. ನನ್ನ ಸೋದರಮಾವನವರು ಕೊಂಡದ್ದು. 2004ರಲ್ಲಿ ನನ್ನ ಪಾಲಿಗೆ ಬಂದಿತು. ಇದುವರೆಗೆ ಅದು ಕ್ರಮಿಸಿರುವ ದಾರಿ ಸುಮಾರು 3,40,000 ಕಿಲೋಮೀಟರ್. ಎಂಜಿನ್ನನ್ನು ಒಮ್ಮೆ ಮಾತ್ರ ಪೂರ್ತಿ ಬಿಚ್ಚಿ ಬೋರ್ ಮಾಡಿಸಲಾಗಿದೆ.

ಇಷ್ಟು ದೂರ ಓಡಿದ ವಾಹನವೆಂದೊಡನೆ ಇದರ ಆಯುಷ್ಯ ಮುಗಿಯಿತೆಂದು ಜನ ಭಾವಿಸುವುದು ಸಹಜ. ಆದರೆ ದೂರವೊಂದೇ ವಾಹನವನ್ನು ಮುದಿಯಾಗಿಸುವುದಿಲ್ಲ ಎಂಬುದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವೊಂದುಂಟು. ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಇರ್ವ್ ಗೋರ್ಡನ್ ಎಂಬವರು 1966ರಲ್ಲಿ ವೋಲ್ವೊ ಕಂಪನಿಯ ಪಿ 1800 ಎಸ್ ಎಂಬ ಕಾರನ್ನು ಹೊಸದಾಗಿ ಕೊಂಡರು. 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕಾದ ರಸ್ತೆಯಲ್ಲಿ ಆ ಕಾರು 30 ಲಕ್ಷ ಮೈಲಿಗಳನ್ನು, ಎಂದರೆ 48 ಲಕ್ಷ ಕಿಲೋಮೀಟರುಗಳಿಗೂ ಹೆಚ್ಚಿನ ದೂರವನ್ನು ಪೂರೈಸಿತು. ಒಬ್ಬನೇ ಒಡೆಯನ ಕೈಯಲ್ಲಿ ಬೇರಾವ ಕಾರೂ ಅಷ್ಟು ದೂರ ಓಡಿದ ದಾಖಲೆ ಇರಲಿಲ್ಲ. 2018ರಲ್ಲಿ ತೀರಿಕೊಂಡ ಆ ಮಹನೀಯರು ವೃತ್ತಿಯಿಂದ ಶಾಲೆಯ ವಿಜ್ಞಾನ ಉಪಾಧ್ಯಾಯರೆಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ. ತಮ್ಮ ಗುಟ್ಟೇನೆಂದು ಕೇಳಿದವರಿಗೆಲ್ಲ ಅವರು ತಿಳಿಸುತ್ತಿದ್ದುದು ಒಂದೇ: ಕಂಪನಿಯ ಕೈಪಿಡಿಯಲ್ಲಿ ಹೇಳಿದ ಕೆಲಸವನ್ನು ಹೇಳಿದ ಕಾಲಕ್ಕೆ ತಪ್ಪದೆ ಮಾಡಿಸುವುದು.

ಹಾಗಾದರೆ ವಾಹನವನ್ನು ಕೆಡಿಸುವುದು ಯಾವುದು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ: ಓಡಿದ ದೂರಕ್ಕಿಂತ, ಲೆಕ್ಕವಿಡದೆ ಬಿಟ್ಟ ದೂರ ಹೆಚ್ಚು ಕೆಡಿಸುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಘಟ್ಟದ ಇಳಿಜಾರಿನಲ್ಲಿ ಕಲಿತೆ.

ಸ್ವಾನುಭವ

2009ನೆಯ ಡಿಸೆಂಬರ್. ಬಂಧುಗಳ ಮನೆಯ ಮದುವೆಗೆಂದು ಪತ್ನಿ, ಮಗಳು ಹಾಗೂ ವೃದ್ಧರಾದ ಅತ್ತೆಯವರನ್ನು ಕೂಡಿಸಿಕೊಂಡು ಮಂಗಳೂರಿಗೆ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಟ್ಟವನ್ನು ಇಳಿಯುತ್ತಿದ್ದೆವು. ಪೆಟ್ರೋಲ್ ಉಳಿಯಲೆಂದು ಟಾಪ್ ಗೇರಿನಲ್ಲಿಯೇ ಗಾಡಿಯನ್ನು ಬಿಟ್ಟು, ತಿರುವು ಬಂದಾಗಲೆಲ್ಲ ಬ್ರೇಕನ್ನು ತುಳಿಯುತ್ತಿದ್ದೆ. ಐದಾರು ತಿರುವುಗಳಾದ ಮೇಲೆ ಬ್ರೇಕಿನ ಪೆಡಲು ಮೆತ್ತಗಾದಂತೆ ತೋರಿತು. ಮುಂದಿನ ತಿರುವಿನಲ್ಲಿ ತುಳಿದಾಗ ಕಾಲು ನೇರವಾಗಿ ತಳಕ್ಕೆ ಹೋಯಿತು, ಗಾಡಿ ನಿಲ್ಲಲಿಲ್ಲ.

ಆ ಕ್ಷಣದ ಭಯವನ್ನು ವರ್ಣಿಸಲು ಅಲಂಕಾರಶಾಸ್ತ್ರ ಸಾಲದು. ದೈವಾನುಗ್ರಹದಿಂದ ಎದುರಿಗೆ ವಾಹನವಿರಲಿಲ್ಲ. ಗೇರನ್ನು ಹೇಗೋ ಮೂರಕ್ಕೆ, ಅಲ್ಲಿಂದ ಎರಡಕ್ಕೆ ಇಳಿಸಿ, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತ, ಕಣಿವೆಯ ಕಡೆಗಲ್ಲದೆ ಗುಡ್ಡದ ಕಡೆಗೆ ಗಾಡಿಯನ್ನು ಒತ್ತಿ ಚರಂಡಿಗೆ ಇಳಿಸಿದೆ. ಒಂದು ಚಕ್ರದ ತಟ್ಟೆ ಜಜ್ಜಿಹೋಯಿತು. ಮನುಷ್ಯರಿಗೆ ಏನೂ ಆಗಲಿಲ್ಲ. ಸೋಜಿಗವೆಂದರೆ, ಅರ್ಧ ಗಂಟೆ ಕಳೆದ ಬಳಿಕ ಪೆಡಲನ್ನು ಒತ್ತಿ ನೋಡಿದರೆ ಅದು ಎಂದಿನಂತೆ ಗಟ್ಟಿಯಾಗಿತ್ತು!

ನಿಧಾನವಾಗಿ ಉಜಿರೆಯನ್ನು ತಲುಪಿ, ವಯೋವೃದ್ಧರಾದ ಮೆಕ್ಯಾನಿಕರೊಬ್ಬರಿಗೆ ಗಾಡಿಯನ್ನು ತೋರಿಸಿದೆ. ಅವರು ಸಿಲಿಂಡರಿನ ಮುಚ್ಚಳ ತೆರೆದು, ಕಾಫಿಯ ಬಣ್ಣಕ್ಕೆ ತಿರುಗಿದ್ದ ದ್ರವವನ್ನು ನೋಡಿ, "ಮೇಷ್ಟ್ರೇ, ಬ್ರೇಕ್ ಆಯಿಲ್ ಕಡೆಯ ಸಲ ಬದಲಾಯಿಸಿದ್ದು ಯಾವಾಗ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ದಿನಾಂಕವನ್ನು ಬರೆಯದಿದ್ದರೆ ಗದರುತ್ತಿದ್ದ ನಾನು, ನಾಲ್ಕು ಜೀವಗಳನ್ನು ಹೊತ್ತ ಯಂತ್ರದ ವಿಷಯದಲ್ಲಿ ಒಂದು ದಿನಾಂಕವನ್ನೂ ಬರೆದಿಟ್ಟಿರಲಿಲ್ಲ. ಅವರು ಗದರಲಿಲ್ಲ. "ಗಾಡಿ ಹಳೆಯದಾದದ್ದು ತಪ್ಪಲ್ಲ, ಆಯಿಲ್ ಹಳೆಯದಾದದ್ದು ತಪ್ಪು" ಎಂದಷ್ಟೇ ಹೇಳಿದರು. ಅಂದು ಸಂಜೆಯೇ ನಾನು ಒಂದು ನೋಟುಬುಕ್ಕನ್ನು ಕೊಂಡೆ. ಈ ಲೇಖನದಲ್ಲಿರುವುದು ಆ ನೋಟುಬುಕ್ಕಿನ ಸಾರ.

ಬ್ರೇಕು

ನಡೆದುದರ ಕಾರಣವನ್ನು ಮೊದಲು ತಿಳಿಯೋಣ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವುದು ಈ ನಿಯಮವೇ. ದ್ರವವನ್ನು ಕುಗ್ಗಿಸಲಾಗದು, ಆದ್ದರಿಂದ ಪೆಡಲು ಗಟ್ಟಿಯಾಗಿರುತ್ತದೆ. ಆವಿಯನ್ನಾದರೋ ಸುಲಭವಾಗಿ ಕುಗ್ಗಿಸಬಹುದು.

ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲಿಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ದ್ರವ ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಕೂಡದೆಂಬುದು ನಿಯಮ. ಅದರಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಸಾಕು, ಆ ಮಿತಿ 140 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಘಟ್ಟದಲ್ಲಿ ಎಡೆಬಿಡದೆ ಬ್ರೇಕ್ ತುಳಿದಾಗ ಡ್ರಮ್ಮುಗಳು ಕಾಯುತ್ತವೆ. ಚಕ್ರದ ಬಳಿಯ ದ್ರವ ಕುದಿದು ಆವಿಯಾಗುತ್ತದೆ. ಪೆಡಲು ಆವಿಯನ್ನು ಕುಗ್ಗಿಸುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಆರಿದಾಗ ಆವಿ ಪುನಃ ದ್ರವವಾಗುವುದರಿಂದ ಪೆಡಲು ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗುತ್ತದೆ. ಕೈಬ್ರೇಕು ದ್ರವವನ್ನು ನಂಬದೆ ತಂತಿ ಮತ್ತು ಸರಳುಗಳಿಂದ ನಡೆಯುವುದರಿಂದಲೇ ಅಂದು ನಮ್ಮನ್ನು ಕಾಪಾಡಿತು.

ಇದರಿಂದ ಮೂರು ವಿಧಿಗಳು ಸಿದ್ಧಿಸುತ್ತವೆ. ಬ್ರೇಕ್ ಆಯಿಲನ್ನು, ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸತಕ್ಕದ್ದು. ಮುಚ್ಚಳ ತೆರೆದು ಬಹುಕಾಲವಾದ ಡಬ್ಬಿಯ ದ್ರವವನ್ನು ಬಳಸತಕ್ಕದ್ದಲ್ಲ. ಘಟ್ಟವನ್ನು ಏರಲು ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರಿನಲ್ಲಿರತಕ್ಕದ್ದು. ಆಗ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಎಣ್ಣೆ

ನಮ್ಮ ಹಿರಿಯರು ಎತ್ತಿನ ಬಂಡಿಯನ್ನು ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕಿದೆಯೇ ಎಂದು ನೋಡುತ್ತಿದ್ದರು. ಮೋಟಾರಿನ ಕಾಲದಲ್ಲಿ ಎಣ್ಣೆಯ ಕೆಲಸ ಇನ್ನೂ ಹೆಚ್ಚಿದೆ. ಅದು ತಿಕ್ಕಾಟವನ್ನು ತಗ್ಗಿಸುತ್ತದೆ. ಪಿಸ್ಟನ್ನಿನ ಶಾಖವನ್ನು ಹೊರಗೆ ಒಯ್ಯುತ್ತದೆ. ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಹೀಗೆ ಮಸಿಯನ್ನು ಹೊತ್ತ ಎಣ್ಣೆ ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವುದರ ಲಕ್ಷಣ. ಆದರೆ ಹೊರುವ ಶಕ್ತಿಗೂ ಒಂದು ಮಿತಿಯಿದೆ. ನನ್ನ ಗಾಡಿಗೆ 20ಡಬ್ಲ್ಯು-50 ದರ್ಜೆಯ ಎಣ್ಣೆಯನ್ನು 5,000 ಕಿಲೋಮೀಟರಿಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಅದಕ್ಕೆ ಸರಿಯಾಗಿ, ಫಿಲ್ಟರಿನ ಸಮೇತ ಬದಲಾಯಿಸುತ್ತೇನೆ.

"ಗಾಡಿ ಹೆಚ್ಚು ಓಡುವುದಿಲ್ಲ, ಬರಿಯ ಪೇಟೆಗೆ ಹೋಗಿಬರುವುದು, ಎಣ್ಣೆ ಯಾಕೆ ಬದಲಾಯಿಸಬೇಕು?" ಎನ್ನುವವರುಂಟು. ವಾಸ್ತವವಾಗಿ ಇದು ವಿಪರೀತ ತರ್ಕ. ಎರಡು ಮೈಲಿ ಓಡಿ ನಿಲ್ಲುವ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರುವ ತೇವವೂ ಉರಿಯದ ಪೆಟ್ರೋಲೂ ಆವಿಯಾಗಿ ಹೋಗದೆ ಎಣ್ಣೆಯಲ್ಲಿ ಬೆರೆಯುತ್ತವೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದ ಒಂದು ಲಕ್ಷ ಕಿಲೋಮೀಟರಿಗಿಂತ ಪೇಟೆಯಲ್ಲಿ ತುಂಡುತುಂಡಾಗಿ ಓಡಿದ ಐವತ್ತು ಸಾವಿರ ಎಂಜಿನ್ನನ್ನು ಹೆಚ್ಚು ಸವೆಸಬಲ್ಲದು.

ಹೊಗೆಯ ಬಣ್ಣದಿಂದ ರೋಗವನ್ನು ಗುರುತಿಸಬಹುದು. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರುವುದನ್ನು ಸೂಚಿಸುತ್ತದೆ. ನೀಲಿ ಹೊಗೆ ಎಣ್ಣೆ ಉರಿಯುತ್ತಿದೆಯೆಂಬುದರ ಗುರುತು. ಮುಂಜಾನೆ ಚಳಿಯಲ್ಲಿ ಕಾಣುವ ತೆಳುವಾದ ಬಿಳಿಯ ಆವಿಗೆ ಹೆದರಬೇಕಾಗಿಲ್ಲ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಎಂಜಿನ್ನಿನ ಒಳಗೆ ಸೇರುತ್ತಿದೆಯೆಂದು ಶಂಕಿಸಬೇಕು. ಎಣ್ಣೆಯ ಅಳತೆಕಡ್ಡಿಗೆ ಹಾಲು ಬೆರೆಸಿದಂತಹ ಬಣ್ಣ ಹತ್ತಿದ್ದರೆ ಆ ಶಂಕೆ ಬಲಗೊಳ್ಳುತ್ತದೆ. ನೀಲಿ ಹೊಗೆಯಲ್ಲಿಯೂ ಭೇದವುಂಟು: ಮುಂಜಾನೆ ಚಾಲೂ ಮಾಡಿದಾಗ ಒಮ್ಮೆ ಬಂದು ನಿಲ್ಲುವುದಾದರೆ ವಾಲ್ವಿನ ಸೀಲುಗಳು ಸವೆದಿರುವುದು ಹೆಚ್ಚು ಸಂಭವ, ಏರಿನಲ್ಲಿ ಎಳೆಯುವಾಗಲೆಲ್ಲ ಬರುವುದಾದರೆ ಪಿಸ್ಟನ್ ರಿಂಗುಗಳು.

ನಿರ್ಣಯಕ್ಕೆ ಮುನ್ನ ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಉಚಿತ. ಒತ್ತಡ ಕಡಿಮೆ ತೋರಿದ ಸಿಲಿಂಡರಿಗೆ ಒಂದೆರಡು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗಿನಲ್ಲಿದೆ. ಏರದಿದ್ದರೆ ಹೆಚ್ಚಾಗಿ ವಾಲ್ವಿನಲ್ಲಿದೆ. ಈ ಸರಳ ಪರೀಕ್ಷೆಯನ್ನು ಮಾಡದೆ "ಎಂಜಿನ್ ಇಳಿಸಬೇಕು" ಎಂಬ ಮಾತಿಗೆ ಒಪ್ಪಿಗೆ ಕೊಡಬಾರದು. ಸಾವಿರ ಕಿಲೋಮೀಟರಿಗೆ ಒಂದು ಲೀಟರಿನ ಹತ್ತಿರ ಎಣ್ಣೆ ಕುಡಿಯತೊಡಗಿದರೆ ಮಾತ್ರ ಆ ಚಿಂತೆಯನ್ನು ಮಾಡಬಹುದು.

ಗ್ರೀಸನ್ನೂ ಮರೆಯತಕ್ಕದ್ದಲ್ಲ. ಅಂಬಾಸಿಡರಿನ ಮುಂಭಾಗದ ಕೀಲುಗಳಿಗೆ ಗ್ರೀಸು ಒತ್ತಲು ಮೊಲೆತೊಟ್ಟಿನಂತಹ ನಿಪ್ಪಲುಗಳಿವೆ. ಹೊಸ ಗ್ರೀಸು ಒಳಗೆ ಹೋಗಿ ಹಳೆಯದು ಹೊರಗೆ ಬರುವವರೆಗೂ ಒತ್ತಬೇಕು. ಮಣ್ಣು ಕಟ್ಟಿದ ನಿಪ್ಪಲನ್ನು ಒರೆಸದೆ ಗನ್ ಹಿಡಿದರೆ ಗ್ರೀಸಿನೊಡನೆ ಮರಳನ್ನೂ ತುಂಬಿದಂತಾಗುತ್ತದೆ.

ನೀರು

ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆರೆಯಬಾರದೆಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆ ಮುಚ್ಚಳ ಒಳಗಿನ ಒತ್ತಡವನ್ನು ಹೆಚ್ಚಿಸಿ ನೀರು ಕುದಿಯುವ ಮಟ್ಟವನ್ನು ಏರಿಸುತ್ತದೆ. ತೆರೆದೊಡನೆ ಒತ್ತಡ ಇಳಿದು ನೀರೆಲ್ಲ ಏಕಕಾಲಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಚ್ಚಳದ ರಬ್ಬರು ಸವೆದಿದ್ದರೆ ರೇಡಿಯೇಟರ್ ಎಷ್ಟೇ ಚೆನ್ನಾಗಿದ್ದರೂ ಘಟ್ಟದಲ್ಲಿ ನೀರು ಕುದಿಯುತ್ತದೆ.

ಬೋರ್‌ವೆಲ್ಲಿನ ಗಡಸು ನೀರನ್ನು ತುಂಬುವುದು ನಮ್ಮ ಕಡೆಯ ಸಾಮಾನ್ಯವಾದ ತಪ್ಪು. ಪಾತ್ರೆಯಲ್ಲಿ ಕಟ್ಟುವ ಬಿಳಿಯ ಸುಣ್ಣವೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಶುದ್ಧೀಕರಿಸಿದ ನೀರಿಗೆ ಕೂಲಂಟ್ ಬೆರೆಸಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸುಣ್ಣವೂ ಕಟ್ಟದು, ತುಕ್ಕೂ ಹಿಡಿಯದು. ಸೆಖೆಯ ದೇಶಕ್ಕೆ ಥರ್ಮೋಸ್ಟಾಟ್ ಬೇಡವೆಂದು ಅದನ್ನು ಕಿತ್ತು ಬಿಸಾಡುವ ರೂಢಿಯೂ ಒಂದುಂಟು. ಅದಿಲ್ಲದ ಎಂಜಿನ್ ತನ್ನ ಹದವಾದ ಬಿಸಿಯನ್ನು ಮುಟ್ಟಲು ಬಹಳ ಹೊತ್ತು ಹಿಡಿಯುತ್ತದೆ. ತಣ್ಣಗಿರುವಾಗಲೇ ಸವೆತ ಅಧಿಕ.

ಕಿಡಿ ಮತ್ತು ಇಂಧನ

ನನ್ನ ಗಾಡಿಯಂತಹ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುದಿಗಳಿವೆ. ಅವುಗಳ ನಡುವಣ ಅಂತರ 0.35ರಿಂದ 0.40 ಮಿಲಿಮೀಟರ್ ಇರಬೇಕು. ಒಂದು ಹ್ರಸ್ವ ದೀರ್ಘವಾದರೆ ಅರ್ಥವೇ ಕೆಡುವಂತೆ, ಈ ಕೂದಲೆಳೆಯ ಅಂತರ ತಪ್ಪಿದರೆ ಗಾಡಿ ಚಾಲೂ ಆಗದು, ಆದರೂ ಎಳೆಯದು. ಬರಿಗಣ್ಣಿನ ಅಂದಾಜನ್ನು ನಂಬದೆ ಫೀಲರ್ ಗೇಜಿನಿಂದ ಅಳೆಯಬೇಕು.

ಇಂಧನದ ವಿಷಯದಲ್ಲಿ ಎರಡು ಬದಲಾವಣೆಗಳನ್ನು ಹಳೆಯ ಗಾಡಿಯ ಒಡೆಯರು ತಿಳಿದಿರಬೇಕು. ಮೊದಲನೆಯದು ಸೀಸ. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಅದು ಮನುಷ್ಯರಿಗೆ, ವಿಶೇಷವಾಗಿ ಮಕ್ಕಳಿಗೆ ವಿಷವಾದ್ದರಿಂದ 2000ನೆಯ ಫೆಬ್ರವರಿಯಿಂದ ದೇಶದಾದ್ಯಂತ ನಿಲ್ಲಿಸಲಾಯಿತು. ಇದು ಅತ್ಯುತ್ತಮವಾದ ಕಾರ್ಯವೇ. ಆದರೆ ಆ ಸೀಸ ಹಳೆಯ ಎಂಜಿನ್ನುಗಳಲ್ಲಿ ವಾಲ್ವ್ ಕೂರುವ ಪೀಠಕ್ಕೆ ತೆಳುವಾದ ರಕ್ಷೆಯಾಗಿತ್ತು. ಅದಿಲ್ಲದಿರುವಾಗ ಮೃದುವಾದ ಪೀಠ ಸವೆದು ವಾಲ್ವ್ ಒಳಕ್ಕೆ ಕುಸಿಯುತ್ತದೆ. ಟ್ಯಾಪೆಟ್ಟಿನ ಅಂತರ ತಾನೇ ಕಡಿಮೆಯಾಗುತ್ತದೆ. ಕೇಳುವವರಿಗೆ ಟಕಟಕ ಸದ್ದು ಅಡಗಿ ಎಂಜಿನ್ ನಯವಾದಂತೆ ತೋರುತ್ತದೆ. ಇದು ಆರೋಗ್ಯದ ಮೌನವಲ್ಲ. ಅಂತರ ಪೂರ್ತಿ ಮುಚ್ಚಿದರೆ ವಾಲ್ವ್ ಸರಿಯಾಗಿ ಕೂರದೆ ಸುಟ್ಟುಹೋಗುತ್ತದೆ. ಆದ್ದರಿಂದ ಟ್ಯಾಪೆಟ್ಟನ್ನು ಕೈಪಿಡಿಯ ಪ್ರಕಾರ ಆಗಾಗ ಅಳೆಯಿಸಬೇಕು. ತಲೆಯನ್ನು ಬಿಚ್ಚುವ ಸಂದರ್ಭ ಬಂದಾಗ ಗಡಸು ಲೋಹದ ಪೀಠಗಳನ್ನು ಕೂಡಿಸಿಬಿಡಬೇಕು.

ಎರಡನೆಯದು ಎಥನಾಲ್. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಯುವಂತಾಯಿತು. ಅದೂ ತೇವವನ್ನು ಎಳೆದುಕೊಳ್ಳುವ ದ್ರವ. ಹಳೆಯ ಬಗೆಯ ರಬ್ಬರಿನ ಪೈಪುಗಳನ್ನು ಊದಿಸಿ ಬಿರುಕುಗೊಳಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಜಿನುಗುವುದೆಂದರೆ ಬೆಂಕಿಗೆ ಆಹ್ವಾನ. ಹಳೆಯ ಪೈಪುಗಳನ್ನು ಎಥನಾಲನ್ನು ತಡೆಯುವ ಪೈಪುಗಳಿಂದ ಬದಲಾಯಿಸುವುದು, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲನ್ನು ಕೊಳೆಸದಿರುವುದು, ಕಾರ್ಬ್ಯುರೇಟರಿನ ಮಿಶ್ರಣವನ್ನು ಹೊಸದಾಗಿ ಹೊಂದಿಸುವುದು, ಇವಿಷ್ಟು ಅವಶ್ಯಕ.

ಕಾಲ ತಿನ್ನುವ ವಸ್ತುಗಳು

ಕೆಲವು ವಸ್ತುಗಳು ದೂರದಿಂದ ಸವೆಯುತ್ತವೆ. ಕೆಲವನ್ನು ಕಾಲವೇ ತಿನ್ನುತ್ತದೆ. ರಬ್ಬರು ಮತ್ತು ಕಬ್ಬಿಣ ಎರಡನೆಯ ಗುಂಪಿನವು. ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಗುರುತೊಂದಿರುತ್ತದೆ. 3221 ಎಂದಿದ್ದರೆ ಅದು 2021ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದದ್ದು. ಗೀರುಗಳು ಆಳವಾಗಿದ್ದರೂ ಪಕ್ಕೆಯಲ್ಲಿ ಬಿರುಕು ಕಂಡ ಹಳೆಯ ಟೈರು ಹೆದ್ದಾರಿಗೆ ಯೋಗ್ಯವಲ್ಲ. ಮಾರುತಿ 800ರಂತಹ ಕಾರುಗಳನ್ನು ಇಟ್ಟುಕೊಂಡವರು ಟೈಮಿಂಗ್ ಬೆಲ್ಟಿನ ಅವಧಿಯನ್ನೂ ಗಮನಿಸಬೇಕು. ಅದು ಮುನ್ಸೂಚನೆ ಕೊಡದೆ ಹರಿಯುತ್ತದೆ. ಅಂಬಾಸಿಡರಿನಲ್ಲಿ ಆ ಸ್ಥಾನದಲ್ಲಿರುವುದು ಚೈನು. ಅದು ಸಡಿಲವಾದಾಗ ಸದ್ದು ಮಾಡಿ ತಿಳಿಸುತ್ತದೆ.

ತುಕ್ಕಿನ ವಿಷಯ ಎಲ್ಲಕ್ಕಿಂತ ಗಂಭೀರವಾದುದು. ಅಂಬಾಸಿಡರಿಗೆ ಲಾರಿಯಂತೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಹೊಸಿಲು, ಇವೇ ಅದರ ಬೆನ್ನೆಲುಬು. ಮೇಲೆ ಬಣ್ಣ ಹೊಳೆಯುತ್ತಿದ್ದು ಹೊಸಿಲು ಒಳಗೊಳಗೇ ಪುಡಿಯಾಗಿರುವ ಗಾಡಿಗಳನ್ನು ನಾನು ಕಂಡಿದ್ದೇನೆ. ಬಾಗಿಲ ತಳದಲ್ಲಿರುವ ನೀರು ಹರಿಯುವ ರಂಧ್ರಗಳನ್ನು ತೆರೆದಿಡಬೇಕು. ಮಳೆಗಾಲ ಮುಗಿದೊಡನೆ ತಳದ ಕೆಸರನ್ನು ತೊಳೆಯಿಸಿ ಒಣಗಿಸಬೇಕು. ಜಾಕ್ ಕೊಡುವ ಸ್ಥಳ ಒತ್ತಿದರೆ ಕುಸಿಯುತ್ತದೆಯೇ ಎಂದು ನೋಡಬೇಕು.

ದಿನಚರಿಯ ಪುಸ್ತಕ

ಇಷ್ಟು ವಿಧಿಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆಂದು ಕೇಳಬಹುದು. ನೆನಪಿಟ್ಟುಕೊಳ್ಳಲು ಹೊರಟದ್ದೇ ನನ್ನ ತಪ್ಪಾಗಿತ್ತು. ಪುಸ್ತಕದಲ್ಲಿ ಐದು ಅಂಕಣಗಳನ್ನು ಎಳೆದುಕೊಂಡರೆ ಸಾಕು: ದಿನಾಂಕ, ಮೀಟರಿನ ಅಂಕಿ, ಮಾಡಿಸಿದ ಕೆಲಸ, ತಗುಲಿದ ಖರ್ಚು, ಮುಂದಿನ ಬಾರಿ ಯಾವಾಗ. ಈ ಕೊನೆಯ ಅಂಕಣವೇ ಪ್ರಾಣ. ಅದಿಲ್ಲದಿದ್ದರೆ ಪುಸ್ತಕ ಬರಿಯ ಖರ್ಚಿನ ಲೆಕ್ಕವಾಗುತ್ತದೆ.

ಪೆಟ್ರೋಲ್ ಹಾಕಿಸಿದ್ದನ್ನೂ ಬರೆಯಬೇಕು. ಒಮ್ಮೆ ಟ್ಯಾಂಕನ್ನು ಪೂರ್ತಿ ತುಂಬಿಸಿ, ಮರುಸಲ ಪೂರ್ತಿ ತುಂಬಿಸುವಾಗ ಹಿಡಿದ ಲೀಟರುಗಳಿಂದ ನಡುವೆ ಓಡಿದ ದೂರವನ್ನು ಭಾಗಿಸಿದರೆ ಮೈಲೇಜು ದೊರೆಯುತ್ತದೆ. ನನ್ನ ಗಾಡಿ ಲೀಟರಿಗೆ ಸುಮಾರು ಹತ್ತು ಕಿಲೋಮೀಟರ್ ಕೊಡುತ್ತದೆ. ಒಮ್ಮೆ ಅದು ಎಂಟಕ್ಕೆ ಇಳಿದಿತ್ತು. ಪುಸ್ತಕವನ್ನು ನೋಡದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಚಕ್ರಗಳನ್ನು ಮುಟ್ಟಿ ನೋಡಿದಾಗ ಹಿಂದಿನ ಎಡಚಕ್ರ ಮಾತ್ರ ಸುಡುತ್ತಿತ್ತು. ಬ್ರೇಕು ಬಿಡದೆ ಹಿಡಿದುಕೊಂಡಿತ್ತು. ನಾಲ್ಕು ನೂರು ರೂಪಾಯಿನ ಕೆಲಸದಲ್ಲಿ ಮುಗಿಯಿತು. ಅದೇ ಸ್ಥಿತಿಯಲ್ಲಿ ಘಟ್ಟಕ್ಕೆ ಇಳಿದಿದ್ದರೆ ಏನಾಗುತ್ತಿತ್ತೆಂಬುದನ್ನು ಮೇಲಿನ ಪ್ರಸಂಗವೇ ಹೇಳುತ್ತದೆ.

ತಾಳೆಗರಿಯ ಗ್ರಂಥಗಳ ಸಂಗತಿಯೂ ಇದೇ ಬಗೆಯದು. ಕಾಲಕಾಲಕ್ಕೆ ಬಿಚ್ಚಿ, ಧೂಳು ಒರೆಸಿ, ಎಣ್ಣೆ ಸವರಿ ನೋಡಿಕೊಂಡ ಕಟ್ಟುಗಳು ಶತಮಾನಗಳನ್ನು ದಾಟಿ ನಮ್ಮ ಕೈಗೆ ಬಂದಿವೆ. ಪೂಜ್ಯವೆಂದು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟವು ಹುಳುಗಳ ಪಾಲಾದವು. ಗೌರವ ಬೇರೆ, ಪಾಲನೆ ಬೇರೆ.

ನಿಲ್ಲಿಸಬೇಕಾದ ಕಾಲ

ಪಾಲನೆಯೆಂದರೆ ಎಂದೆಂದಿಗೂ ಬಿಡದಿರುವುದೆಂದು ಅರ್ಥವಲ್ಲ. ಖಾಸಗಿ ಕಾರಿನ ಮೊದಲ ನೋಂದಣಿ ಹದಿನೈದು ವರ್ಷಗಳಿಗೆ; ಅನಂತರ ಪರಿಶೀಲನೆಗೊಳಪಟ್ಟು ಐದೈದು ವರ್ಷಗಳಿಗೊಮ್ಮೆ ನವೀಕರಣ. ನನ್ನ ಗಾಡಿಯ ನೋಂದಣಿ 2023ರಲ್ಲಿ ನವೀಕರಣಗೊಂಡಿದ್ದು, 2028ರವರೆಗೆ ಊರ್ಜಿತವಾಗಿದೆ. 2025ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ ಇಪ್ಪತ್ತು ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ ಹತ್ತು ಸಾವಿರ ರೂಪಾಯಿ. ಐವತ್ತು ವರ್ಷ ಮೀರಿ ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ 2021ರ ನಿಯಮಗಳು ಪ್ರತ್ಯೇಕ ವರ್ಗವನ್ನು ಕಲ್ಪಿಸಿವೆ. ಆದರೆ ಅವನ್ನು ನಿತ್ಯದ ಸಂಚಾರಕ್ಕೆ ಬಳಸುವಂತಿಲ್ಲ.

ಕಾನೂನು ಅನುಮತಿಸಿದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಮೂರು ಪ್ರಶ್ನೆಗಳನ್ನು ವರ್ಷಕ್ಕೊಮ್ಮೆ ಕೇಳಿಕೊಳ್ಳಬೇಕು. ಭಾರ ಹೊರುವ ಕಬ್ಬಿಣ ಗಟ್ಟಿಯಾಗಿದೆಯೇ? ಬ್ರೇಕು ಮತ್ತು ಸ್ಟೀರಿಂಗಿನ ಒಳ್ಳೆಯ ಬಿಡಿಭಾಗಗಳು ದೊರೆಯುತ್ತಿವೆಯೇ? ಈ ಗಾಡಿಯಲ್ಲಿ ಕೂರುವವರು ಯಾರು? ಮೊದಲೆರಡಕ್ಕೆ ಇಲ್ಲವೆಂಬ ಉತ್ತರ ಬಂದರೆ ವ್ಯಾಮೋಹವನ್ನು ತೊರೆದು ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸುವುದೇ ಧರ್ಮ. ನಾನೊಬ್ಬನೇ ಕೂರುವ ಗಾಡಿಯಲ್ಲಿ ಒಂದು ಸಣ್ಣ ಕೊರತೆಯನ್ನು ನಾಳೆಗೆ ಮುಂದೂಡಬಹುದು. ಮಕ್ಕಳನ್ನು ಕೂರಿಸುವ ಗಾಡಿಯಲ್ಲಿ ಅದು ಸಲ್ಲದು.

ಈ ಸಂದರ್ಭದಲ್ಲಿ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ತಾವು ಬಳಸಿದ ವಾಹನವನ್ನು ಶಾಲೆಗೋ ಬೇರೊಂದು ಸಂಸ್ಥೆಗೋ ಪ್ರೀತಿಯಿಂದ ಕೊಡುವವರಿದ್ದಾರೆ. ಅದು ದೊಡ್ಡ ಉಪಕಾರ. ಆದರೆ ಬೀಗದ ಕೈಯೊಡನೆ ಅದರ ದಿನಚರಿಯನ್ನೂ ಕೊಡಿರಿ. ಬ್ರೇಕ್ ಆಯಿಲ್ ಬದಲಾಯಿಸಿದ ದಿನ, ಟೈರಿನ ವರ್ಷ, ಎಂಜಿನ್ ಬಿಚ್ಚಿಸಿದ ಕಾಲ, ಇವಿಷ್ಟು ಒಂದು ಹಾಳೆಯಲ್ಲಿದ್ದರೂ ಸಾಕು. ಅದಿಲ್ಲದಿದ್ದರೆ ಪಡೆದವರು ಎಲ್ಲವನ್ನೂ ಮೊದಲು ಪರೀಕ್ಷೆ ಮಾಡಿಸಿ, ಅನಂತರವೇ ಮಕ್ಕಳನ್ನು ಕೂರಿಸಬೇಕು. ಹಾಗೆ ಮಾಡುವುದರಿಂದ ಕೊಟ್ಟವರಿಗೆ ಅಗೌರವವೇನೂ ಆಗದು.

ಉಪಸಂಹಾರ

ಕಳೆದ ವರ್ಷ ಪುನಃ ಚಾರ್ಮಾಡಿ ಘಟ್ಟವನ್ನು ಇಳಿದೆ. ಈ ಬಾರಿ ಎರಡನೆಯ ಗೇರಿನಲ್ಲಿ, ಹಿಂದಿದ್ದ ವಾಹನಗಳಿಗೆಲ್ಲ ದಾರಿ ಬಿಟ್ಟುಕೊಡುತ್ತ ಬಂದೆ. 2009ರಲ್ಲಿ ಹಿಂದಿನ ಸೀಟಿನಲ್ಲಿ ಅಳುತ್ತಿದ್ದ ಮಗಳು ಈಗ ತನ್ನ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅದೇ ಸೀಟಿನಲ್ಲಿದ್ದಳು. ಹೊರಡುವ ಮುನ್ನ ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಪುಸ್ತಕ ನೋಡಿದಿರಾ?" ನೋಡಿದ್ದೆ. ಬ್ರೇಕ್ ಆಯಿಲ್ ಬದಲಾಯಿಸಿ ಏಳು ತಿಂಗಳಾಗಿತ್ತು; ಮುಂದಿನ ಬಾರಿಗೆ ಇನ್ನೂ ಹದಿನೇಳು ತಿಂಗಳಿತ್ತು. ಆ ಒಂದು ಸಾಲು ಕೊಟ್ಟ ನೆಮ್ಮದಿಯನ್ನು ಹೊಸ ಗಾಡಿಯೂ ಕೊಡುತ್ತಿತ್ತೋ ಇಲ್ಲವೋ ಅರಿಯೆ.

ಉಜಿರೆಯ ಆ ಹಿರಿಯ ಮೆಕ್ಯಾನಿಕರು ಈಗಿಲ್ಲ. ಅವರ ಪ್ರಶ್ನೆ ಮಾತ್ರ ನನ್ನ ಪುಸ್ತಕದ ಮೊದಲ ಪುಟದಲ್ಲಿದೆ. ಹಳೆಯ ವಾಹನವನ್ನು ಇಟ್ಟುಕೊಂಡ ಸಹೃದಯರು ಇಂದೇ ಆ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ. ಉತ್ತರ ತಿಳಿಯದಿದ್ದರೆ, ನಾಳೆಯ ಪ್ರಯಾಣಕ್ಕೆ ಮುನ್ನ ಬದಲಾಯಿಸಿ, ದಿನಾಂಕವನ್ನು ಬರೆದಿಡಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.